ಚಳಿಗಾಲದ ಸ್ಲೊವೇನಿಯಾ: ರಾಜಧಾನಿಯ ಆಚೆಗಿನ ಪ್ರವಾಸವನ್ನು ಯಾವ ಕ್ರಮದಲ್ಲಿ ಯೋಜಿಸಬೇಕು

ಸ್ಲೊವೇನಿಯಾ ನಮ್ಮ ಕರ್ನಾಟಕದ ಹತ್ತನೇ ಒಂದರಷ್ಟು ವಿಸ್ತೀರ್ಣದ ದೇಶ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಒಂದು-ಎರಡು ಗಂಟೆಯ ದಾರಿ ಅನ್ನಿಸುತ್ತದೆ, ಚಳಿಗಾಲದ ಪ್ರವಾಸ ಕೆಡುವುದು ಹೆಚ್ಚಾಗಿ ಈ ಅನ್ನಿಸಿಕೆಯಿಂದಲೇ. ಬೇಸಿಗೆಯವರು ಮಾಡಿದ ಪಟ್ಟಿಯನ್ನು ಹಾಗೆಯೇ ತೆಗೆದುಕೊಂಡು ದಿನಕ್ಕೊಂದು ಊರು ಎಂದು ಹಂಚಿ, ಟಿಕೆಟ್ ತೆಗೆದು, ಹೋಟೆಲ್ ಹಿಡಿದು, ಆಮೇಲೆ ನೋಡಿದರೆ ಕಣಿವೆ ಮುಚ್ಚಿದೆ, ಘಾಟಿ ರಸ್ತೆಗೆ ಗೇಟು ಬಿದ್ದಿದೆ, ಭಾನುವಾರ ಬಸ್ಸಿಲ್ಲ, ನಾಲ್ಕೂವರೆಗೆ ಕತ್ತಲು.

ಆದ್ದರಿಂದ ಕೆಲಸದ ಕ್ರಮ ತಿರುಗಬೇಕು. ಏನು ತೆರೆದಿರುತ್ತದೆ ಎಂಬುದು ಮೊದಲು, ಎಲ್ಲಿ ಉಳಿಯುವುದು ಆಮೇಲೆ, ವಿಮಾನದ ಟಿಕೆಟ್ ಅದಕ್ಕೂ ಆಮೇಲೆ.

## ಹಂತ 1: ವಾರ ಆರಿಸಿ, ತಿಂಗಳನ್ನಲ್ಲ

"ಡಿಸೆಂಬರ್‌ನಲ್ಲಿ ಹೋಗೋಣ" ಎಂದರೆ ಸಾಲದು. ಇಲ್ಲಿನ ಚಳಿಗಾಲದಲ್ಲಿ ಒಂದು ವಾರ ಇದ್ದಂತೆ ಇನ್ನೊಂದಿಲ್ಲ.

ನವೆಂಬರ್ ಬಿಡಿ. ಮಳೆ ಮತ್ತು ಮಂಜು ಹೆಚ್ಚು, ಬೆಟ್ಟದೂರುಗಳ ಎಷ್ಟೋ ವಸತಿಗೃಹಗಳು ರಜೆ ಹಾಕಿರುತ್ತವೆ, ಬೋಹಿನ್ ಸರೋವರದ ಬಳಿಯ ವೋಗೆಲ್ ಬೆಟ್ಟದ ಕೇಬಲ್ ಕಾರು ಸಾಮಾನ್ಯವಾಗಿ ವಾರ್ಷಿಕ ದುರಸ್ತಿಗೆ ನಿಲ್ಲುವುದೂ ಆಗಲೇ. ಡಿಸೆಂಬರ್ ಮೊದಲ ವಾರದಿಂದ ಕ್ರಿಸ್ಮಸ್ ಸಂತೆ ಮತ್ತು ದೀಪಾಲಂಕಾರ ಇರುತ್ತದೆ, ಹಿಮ ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಡಿಸೆಂಬರ್ 25, 26 ಮತ್ತು ಜನವರಿ 1, 2 ನಾಲ್ಕೂ ಸರ್ಕಾರಿ ರಜೆ. ಈ ನಡುವಿನ ವಾರದಲ್ಲಿ ಕೋಣೆಗಳ ದರ ಏರಿರುತ್ತದೆ, ಬಸ್ಸುಗಳ ಸಂಖ್ಯೆ ಇಳಿದಿರುತ್ತದೆ.

ಹಿಮ ನೋಡುವುದೇ ಮುಖ್ಯವಾದರೆ ಜನವರಿ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರದವರೆಗಿನ ಅವಧಿ ಒಳ್ಳೆಯದು: ಹಬ್ಬದ ದಟ್ಟಣೆ ಮುಗಿದಿರುತ್ತದೆ, ಎತ್ತರದಲ್ಲಿ ಹಿಮ ಕೂತಿರುತ್ತದೆ, ಹಗಲೂ ತುಸು ಉದ್ದವಾಗಿರುತ್ತದೆ. ಫೆಬ್ರವರಿ 8 ಪ್ರೆಶೆರೆನ್ ಕವಿಯ ಹೆಸರಿನ ಸಂಸ್ಕೃತಿ ದಿನ. ಅಂದು ಅಂಗಡಿಗಳು ಮುಚ್ಚಿದರೂ ಹಲವು ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ಫೆಬ್ರವರಿ ನಡುವಿನಿಂದ ಶಾಲೆಗಳಿಗೆ ಚಳಿಗಾಲದ ರಜೆ. ದೇಶವನ್ನು ಎರಡು ಭಾಗ ಮಾಡಿ ಬೇರೆ ಬೇರೆ ವಾರ ಕೊಡುತ್ತಾರೆ, ಆ ವಾರಗಳಲ್ಲಿ ಸ್ಕೀ ಊರುಗಳು ತುಂಬಿರುತ್ತವೆ.

ಹಿಮಕ್ಕಿಂತ ಜನರನ್ನು ನೋಡುವ ಆಸೆಯಿದ್ದರೆ ಪ್ತುಯ್ ಊರಿನ ಕುರೆಂಟ್ ಹಬ್ಬಕ್ಕೆ ದಿನ ಹೊಂದಿಸಿ. ಕುರಿಯ ತುಪ್ಪಳ ಹೊದ್ದು, ಸೊಂಟಕ್ಕೆ ಭಾರದ ಗಂಟೆಗಳನ್ನು ಕಟ್ಟಿಕೊಂಡು, ಉದ್ದ ನಾಲಗೆಯ ಮುಖವಾಡದಲ್ಲಿ ಕುಣಿಯುತ್ತಾ ಚಳಿಯನ್ನು ಓಡಿಸುವ ಈ ವೇಷ ಮನೆಮನೆಗೆ ಹೋಗುವ ಪದ್ಧತಿಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಕರಾವಳಿಯ, ಮಲೆನಾಡಿನ ವೇಷಗಳನ್ನು ಕಂಡವರಿಗೆ ಆ ಗಂಟೆಯ ಸದ್ದು ಹೊಸತಲ್ಲ. ದೊಡ್ಡ ಮೆರವಣಿಗೆ ಈಸ್ಟರ್‌ಗೆ ಏಳು ವಾರ ಮುಂಚಿನ ಭಾನುವಾರ. 2027ರಲ್ಲಿ ಅದು ಫೆಬ್ರವರಿ 7. ಮೆರವಣಿಗೆಯ ಆಸುಪಾಸಿನ ಎರಡು ರಾತ್ರಿಗಳ ಕೋಣೆಯನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ.

## ಹಂತ 2: ಮುಚ್ಚಿರುವುದನ್ನು ಪಟ್ಟಿಯಿಂದ ಹೊಡೆಯಿರಿ

ನಿಮ್ಮ ಪಟ್ಟಿಯ ಪ್ರತಿ ಜಾಗದ ಅಧಿಕೃತ ಪುಟ ತೆರೆದು, ಚಳಿಗಾಲದ ವೇಳಾಪಟ್ಟಿ ನೋಡಿ. "ಜಾಪ್ರ್ಟೊ" ಎಂದರೆ ಮುಚ್ಚಿದೆ, "ಒಡ್ಪ್ರ್ಟೊ" ಎಂದರೆ ತೆರೆದಿದೆ. ಸಾಮಾನ್ಯವಾಗಿ ಹೊಡೆದುಹಾಕಬೇಕಾಗುವವು ಇವು:

ಸರೋವರದ ಊರಾದ ಬ್ಲೆಡ್ ಹತ್ತಿರದ ವಿಂಟ್‌ಗರ್ ಕಮರಿ. ಮರದ ಹಲಗೆಯ ದಾರಿಯ ಮೇಲೆ ಕಲ್ಲು, ಮಂಜುಗಡ್ಡೆ ಬೀಳುವುದರಿಂದ ಚಳಿಗಾಲ ಪೂರ್ತಿ ಬಂದ್.

ವರ್ಶಿಚ್ ಘಾಟಿ. 1,611 ಮೀಟರ್ ಎತ್ತರ, ಐವತ್ತು ತಿರುವು. ಸ್ಕೀ ಊರಾದ ಕ್ರಾನ್ಯ್‌ಸ್ಕಾ ಗೋರಾದಿಂದ ಸೋಚಾ ನದಿಯ ಕಣಿವೆಗೆ ನೇರ ದಾರಿ ಇದೊಂದೇ, ಹಿಮಕುಸಿತದ ಭಯದಿಂದ ಚಳಿಗಾಲದಲ್ಲಿ ಬಹುತೇಕ ಮುಚ್ಚಿರುತ್ತದೆ. ಎಡವುವುದು ಇಲ್ಲಿ: ಸೆಪ್ಟೆಂಬರ್‌ನಲ್ಲಿ ಮೊಬೈಲ್ ನಕ್ಷೆ ನೋಡಿ ಯೋಜಿಸಿದವರಿಗೆ ದಾರಿ ತೆರೆದೇ ಕಾಣುತ್ತದೆ. ಜನವರಿಯಲ್ಲಿ ಇಟಲಿಯ ತಾರ್ವಿಸಿಯೊ ಸುತ್ತಿ ಪ್ರೆದೆಲ್ ಘಾಟಿಯಿಂದ ಇಳಿಯಬೇಕು, ಭಾರಿ ಹಿಮ ಬಿದ್ದರೆ ಅದೂ ನಿಲ್ಲುತ್ತದೆ.

ಬೋಹಿನ್‌ನ ಸವಿತ್ಸಾ ಜಲಪಾತದ ಮೆಟ್ಟಿಲುಗಳು. ಗಟ್ಟಿಯಾದ ಮಂಜುಗಡ್ಡೆಯಡಿ ಮೆಟ್ಟಿಲು ಕಾಣುವುದೇ ಇಲ್ಲ. "ಸ್ವಲ್ಪ ದೂರ ಹೋಗಿ ಬರೋಣ" ಎಂಬ ಯೋಚನೆ ಬೇಡ.

ಸೋಚಾ ಕಣಿವೆ ಬೇಸಿಗೆಯಲ್ಲಿ ಈ ದೇಶದ ಅತಿ ಚೆಲುವಾದ ಜಾಗ. ಆದರೂ ಮೊದಲ ಚಳಿಗಾಲದ ಪ್ರವಾಸದಲ್ಲಿ ಅದನ್ನು ಬಿಡುವುದೇ ಸರಿ. ದೋಣಿ, ಚಾರಣ ಎರಡೂ ನಿಂತಿರುತ್ತವೆ, ಹೋಗಿ ಬರುವುದಕ್ಕೇ ದಿನ ಸೋರಿಹೋಗುತ್ತದೆ.

ಉಳಿಯುವುದು ಕಡಿಮೆಯೇನಲ್ಲ. ಬ್ಲೆಡ್ ಸರೋವರದ ಸುಮಾರು 6 ಕಿಲೋಮೀಟರ್ ಸುತ್ತುದಾರಿ ಮತ್ತು ಕೋಟೆ ವರ್ಷಪೂರ್ತಿ ಇವೆ. ವೋಗೆಲ್ ಕೇಬಲ್ ಕಾರು ಬೋಹಿನ್ ಸರೋವರದ ಅಂಚಿನಿಂದ 1,535 ಮೀಟರ್‌ಗೆ ಏರುತ್ತದೆ, ಸ್ಕೀ ಮಾಡದವರೂ ಹೋಗಬಹುದು. ಪೋಸ್ಟೊಯ್ನಾ ಗುಹೆಯೊಳಗೆ ಚಳಿಗಾಲವೂ ಬೇಸಿಗೆಯೂ ಒಂದೇ, ಸುಮಾರು 10 ಡಿಗ್ರಿ. ಹೊರಗೆ ಸೊನ್ನೆಯಿದ್ದ ದಿನ ಒಳಗೆ ಬೆಚ್ಚಗೇ ಅನ್ನಿಸುತ್ತದೆ. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಶ್ಕೋತ್ಸ್ಯಾನ್ ಗುಹೆಗಳಲ್ಲಿ 500ಕ್ಕೂ ಹೆಚ್ಚು ಮೆಟ್ಟಿಲು, ಮೊಣಕಾಲು ನೋವಿನವರಿಗೆ ಪೋಸ್ಟೊಯ್ನಾವೇ ಅನುಕೂಲ, ಅಲ್ಲಿ ಹೆಚ್ಚಿನ ದೂರವನ್ನು ಪುಟ್ಟ ರೈಲೇ ಕ್ರಮಿಸುತ್ತದೆ. ಎರಡರಲ್ಲೂ ಚಳಿಗಾಲದಲ್ಲಿ ದಿನಕ್ಕೆ ಕೆಲವೇ ಸರದಿ. ಒಂದು ತಪ್ಪಿದರೆ ಎರಡು-ಮೂರು ಗಂಟೆ ಕಾಯಬೇಕು.

## ಹಂತ 3: ಎರಡು ಠಿಕಾಣಿ, ಹೆಚ್ಚೆಂದರೆ ಮೂರು

ಬಸ್ಸು, ರೈಲು ಎರಡೂ ರಾಜಧಾನಿ ಲ್ಯುಬ್ಲ್ಯಾನಾವನ್ನು ನಡುವಿಟ್ಟು ಚಕ್ರದ ಅರಗಳಂತೆ ಹೊರಡುತ್ತವೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಮತ್ತೆ ನಡುವಿಗೇ ಬರಬೇಕು. ಕರಾವಳಿಯ ಪಿರಾನ್‌ನಿಂದ ಬ್ಲೆಡ್‌ಗೆ ಕಾರಿನಲ್ಲಿ ಎರಡು ಗಂಟೆಯ ಆಸುಪಾಸು; ಬಸ್ಸಿನಲ್ಲಿ ಬದಲಿಸಿಕೊಂಡು, ಕಾದು, ಅರ್ಧ ದಿನ. ಹಗಲು ಎಂಟೂವರೆ ಗಂಟೆಯಷ್ಟೇ ಇರುವಾಗ ಅರ್ಧ ದಿನ ಎಂದರೆ ಇಡೀ ದಿನ.

ಎಂಟು ರಾತ್ರಿ ಇದ್ದರೆ ಹೀಗೆ ಹಂಚಬಹುದು: ಬ್ಲೆಡ್ ಅಥವಾ ಬೋಹಿನ್‌ನಲ್ಲಿ ನಾಲ್ಕು, ಪಿರಾನ್‌ನಲ್ಲಿ ಎರಡು (ಹೋಗುವಾಗ ಒಂದು ಗುಹೆ ನೋಡಿಕೊಂಡು), ಕೊನೆಯ ಎರಡು ಪ್ತುಯ್ ಅಥವಾ ಮಾರಿಬೋರ್‌ನಲ್ಲಿ. ಐದೇ ರಾತ್ರಿಯಾದರೆ ಬೆಟ್ಟದ ಕಡೆ ಮೂರು, ಇನ್ನೆರಡು ಬೇರೆ ಒಂದೇ ಕಡೆ.

ಬ್ಲೆಡ್ ಬೇಕೋ ಬೋಹಿನ್ ಬೇಕೋ? ಅಂಗಡಿ, ಹೋಟೆಲು, ಬಸ್ಸು ಎಲ್ಲಕ್ಕೂ ಬ್ಲೆಡ್ ಅನುಕೂಲ, ಲ್ಯುಬ್ಲ್ಯಾನಾದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಬೋಹಿನ್ ಇನ್ನೂ ನಲವತ್ತು ನಿಮಿಷ ಒಳಗೆ. ಮೌನವಿದೆ, ಹಿಮ ಹೆಚ್ಚು, ಸಂಜೆ ಮಾಡಲು ಏನೂ ಇಲ್ಲ. ಬೋಹಿನ್ ಎಂಬ ಹೆಸರಿನಡಿ ಹಲವು ಹಳ್ಳಿಗಳಿವೆ, ಕೋಣೆ ಹಿಡಿಯುವಾಗ ಇದನ್ನು ಗಮನಿಸಿ. ಸರೋವರದ ದಡದ ಬಸ್ ನಿಲ್ದಾಣವಿರುವುದು ರಿಬ್ಚೆವ್ ಲಾಜ್‌ನಲ್ಲಿ. ರೈಲು ನಿಲ್ದಾಣ ಮತ್ತು ಸೂಪರ್‌ಮಾರ್ಕೆಟ್ ಇರುವುದು ಅಲ್ಲಿಂದ ಆರೇಳು ಕಿಲೋಮೀಟರ್ ದೂರದ ಬೋಹಿನ್‌ಸ್ಕಾ ಬಿಸ್ಟ್ರಿಟ್ಸಾದಲ್ಲಿ. ಕೇಬಲ್ ಕಾರು ಹತ್ತುವುದು ಸರೋವರದ ಇನ್ನೊಂದು ತುದಿಯ ಉಕಾಂಟ್ಸ್‌ನಲ್ಲಿ. ಕಾರಿಲ್ಲದವರು ರಿಬ್ಚೆವ್ ಲಾಜ್‌ನ ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ ಉಳಿಯಿರಿ. ಉಕಾಂಟ್ಸ್ ಕಡೆಯ ಮನೆಗಳು ಬೆಟ್ಟದ ನೆರಳಿಗೆ ಸಿಕ್ಕಿ ಡಿಸೆಂಬರ್-ಜನವರಿಯಲ್ಲಿ ಬಿಸಿಲನ್ನೇ ಅಪರೂಪಕ್ಕೆ ಕಾಣುತ್ತವೆ.

## ಹಂತ 4: ವೀಸಾ – ರಾತ್ರಿಗಳ ಲೆಕ್ಕ ಮೊದಲು

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ನೀವು ಹೆಚ್ಚು ದಿನ ಉಳಿಯುವ ದೇಶಕ್ಕೆ ಸಲ್ಲಿಸಬೇಕು. ವೆನಿಸ್‌ನಲ್ಲಿ ಇಳಿದು ಇಟಲಿಯಲ್ಲಿ ಐದು ರಾತ್ರಿ, ಸ್ಲೊವೇನಿಯಾದಲ್ಲಿ ನಾಲ್ಕು ರಾತ್ರಿ ಎಂದಿದ್ದರೆ ಅರ್ಜಿ ಇಟಲಿಗೆ. ಎರಡೂ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಅದಕ್ಕೇ ಮೂರನೇ ಹಂತ ಮುಗಿಯದೆ ಇಲ್ಲಿಗೆ ಬರಬೇಡಿ.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹದಿನೈದು ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೆ. ಜನವರಿ ಪ್ರಯಾಣಕ್ಕೆ ಅಕ್ಟೋಬರ್‌ನಲ್ಲೇ ಕೊಡುವುದು ಕ್ಷೇಮ. ರಾಯಭಾರ ಕಚೇರಿ ನವದೆಹಲಿಯಲ್ಲಿದೆ. ಬೆರಳಚ್ಚು ಕೊಡಲು ಯಾವ ಊರಿಗೆ ಹೋಗಬೇಕು, ಭೇಟಿಯ ದಿನ ಯಾವಾಗ ಸಿಗುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ತಡವಾಗುವುದು ಹೆಚ್ಚಾಗಿ ಅಲ್ಲೇ.

2024ರ ಜೂನ್‌ನಿಂದ ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಿರಬೇಕು, ಎರಡು ಪುಟ ಖಾಲಿಯಿರಬೇಕು. ವಿಮೆ ಕನಿಷ್ಠ 30,000 ಯೂರೊ. ವೀಸಾಗೆಂದು ಮಾಡಿಸುವ ಅಗ್ಗದ ವಿಮೆಗಳಲ್ಲಿ ಹಲವು ಸ್ಕೀಯಿಂಗ್‌ನಂಥ ಹಿಮದಾಟದ ಗಾಯಗಳಿಗೆ ಹಣ ಕೊಡುವುದಿಲ್ಲ. ಒಂದೇ ದಿನ ಸ್ಕೀ ಕಲಿಯುವ ಯೋಚನೆಯಿದ್ದರೂ ಆ ಷರತ್ತನ್ನು ಓದಿ, ಬೇಕಾದರೆ ಹೆಚ್ಚುವರಿ ಕಟ್ಟಿ. ಹೋಟೆಲ್‌ಗಳನ್ನು ಹಣ ವಾಪಸಾಗುವ ದರದಲ್ಲೇ ಹಿಡಿಯಿರಿ.

## ಹಂತ 5: ವಿಮಾನ

ಲ್ಯುಬ್ಲ್ಯಾನಾದ ವಿಮಾನ ನಿಲ್ದಾಣ ಚಿಕ್ಕದು, ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಬದಲಿಸಿ ಹೋಗಬಹುದು, ಇಲ್ಲವೇ ವೆನಿಸ್, ಝಾಗ್ರೆಬ್, ವಿಯೆನ್ನಾದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಳಗಿದೆ, ಅದೇ ವೀಸಾ ನಡೆಯುತ್ತದೆ. ಆದರೂ ಆ ಗಡಿಯಲ್ಲಿ ತಪಾಸಣೆ ನಡೆಯುವುದುಂಟು, ಪಾಸ್‌ಪೋರ್ಟ್ ಡಿಕ್ಕಿಯ ಪೆಟ್ಟಿಗೆಯಲ್ಲಿರದೆ ಕೈಯಲ್ಲಿರಲಿ.

ಹೊರಗಿನ ನಿಲ್ದಾಣದಲ್ಲಿ ಮಧ್ಯಾಹ್ನ ಎರಡರ ನಂತರ ಇಳಿಯುವ ವಿಮಾನವಾದರೆ ಆ ರಾತ್ರಿಯೇ ಬೆಟ್ಟದೂರು ಸೇರುವ ಹಟ ಬೇಡ. ಕೊನೆಯ ಬಸ್ ತಪ್ಪಿದರೆ ಹಿಮದಲ್ಲಿ ಟ್ಯಾಕ್ಸಿಗೆ ನೂರಾರು ಯೂರೊ ಹೋಗುತ್ತದೆ.

## ಹಂತ 6: ಬಸ್ಸು-ರೈಲೋ, ಬಾಡಿಗೆ ಕಾರೋ

ಹಿಮದ ರಸ್ತೆಯಲ್ಲಿ ಎಂದೂ ಓಡಿಸದವರು ಕಾರು ತೆಗೆದುಕೊಳ್ಳಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ. ಇಪ್ಪತ್ತು ವರ್ಷ ಘಾಟಿಯಲ್ಲಿ ಓಡಿಸಿದ ಕೈಯೂ ಕರಿ ಮಂಜುಗಡ್ಡೆಯ ಮೇಲೆ ಕೆಲಸಕ್ಕೆ ಬರುವುದಿಲ್ಲ. ಅದು ಒದ್ದೆ ಡಾಂಬರಿನಂತೆ ಕಾಣುತ್ತದೆ, ಬ್ರೇಕ್ ಒತ್ತಿದಾಗಲೇ ಗೊತ್ತಾಗುವುದು. ಸೇತುವೆಯ ಮೇಲೆ ಮತ್ತು ಬಿಸಿಲು ಬೀಳದ ತಿರುವಿನಲ್ಲಿ ಹೆಚ್ಚು.

### ಬಸ್ಸಿನ ವೇಳಾಪಟ್ಟಿ ಓದುವುದು

ಹೆಚ್ಚು ಜನ ಎಡವುವ ಜಾಗವಿದು. ನಿಲ್ದಾಣದ ಫಲಕದಲ್ಲಿ ಹತ್ತು ಬಸ್ಸುಗಳ ಸಮಯವಿರುತ್ತದೆ, ಪಕ್ಕದಲ್ಲೊಂದು ಸಣ್ಣ ಅಕ್ಷರ. ಕೆಳಗೆ ಆ ಅಕ್ಷರದ ವಿವರ ನೋಡಿದರೆ "ಷೋಲ್ಸ್ಕಿ ಡ್ನೇವಿ", ಅಂದರೆ ಶಾಲೆ ನಡೆಯುವ ದಿನ ಮಾತ್ರ ಎಂದಿರುತ್ತದೆ. ಕ್ರಿಸ್ಮಸ್ ವಾರದಲ್ಲಿ, ಫೆಬ್ರವರಿಯ ರಜೆಯಲ್ಲಿ ಆ ಬಸ್ಸುಗಳು ಬರುವುದೇ ಇಲ್ಲ. "ನೆಡೆಲ್ಯಾ" ಭಾನುವಾರ, "ಪ್ರಾಜ್ನಿಕಿ" ಸರ್ಕಾರಿ ರಜೆ, "ಡೆಲಾವ್ನಿಕ್" ಕೆಲಸದ ದಿನ. ಅಂತರ್ಜಾಲದಲ್ಲಿ ಹುಡುಕುವಾಗ ಇವತ್ತಿನ ತಾರೀಖು ಹಾಕಬೇಡಿ, ನೀವು ಹೋಗುವ ತಾರೀಖನ್ನೇ ಹಾಕಿ. ವಾಪಸು ಬರುವ ಕೊನೆಯ ಬಸ್ಸನ್ನು ಮೊದಲು ಬರೆದುಕೊಂಡು, ಅದರಿಂದ ಹಿಂದಕ್ಕೆ ದಿನವನ್ನು ಕಟ್ಟಿ.

ರೈಲಿನ ಒಂದು ಬಲೆ: ಲೆಸ್ತ್ಸೆ-ಬ್ಲೆಡ್ ಎಂಬ ನಿಲ್ದಾಣ ಬ್ಲೆಡ್‌ನಿಂದ ಸುಮಾರು ನಾಲ್ಕು ಕಿಲೋಮೀಟರ್ ಆಚೆ. ಸರೋವರದ ಬಳಿಯಿರುವುದು ಬ್ಲೆಡ್ ಯೆಜೆರೊ, ಅದು ಬೇರೆ ಮಾರ್ಗ. ಲ್ಯುಬ್ಲ್ಯಾನಾದಿಂದ ಬ್ಲೆಡ್‌ಗೆ ಬಸ್ಸೇ ಸುಲಭ. ಪೋಸ್ಟೊಯ್ನಾ, ಮಾರಿಬೋರ್, ಪ್ತುಯ್ ಕಡೆಗೆ ರೈಲು ಒಳ್ಳೆಯದು.

### ಕಾರು ಬೇಕೇ ಬೇಕೆಂದರೆ

ನಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸ್ ಜೊತೆಗಿರಲಿ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಸಜ್ಜು ಕಡ್ಡಾಯ: ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರು, ಕನಿಷ್ಠ 3 ಮಿಲಿಮೀಟರ್ ಆಳದ ಗೀರು. ಕಾರು ಕೈಗೆ ಬಂದಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮಹರಳಿನ ಗುರುತು ಇದೆಯೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಬೆಟ್ಟದ ಕಡೆ ಹೊರಟವರು ಹಿಮದ ಸರಪಳಿಯನ್ನೂ ಕೇಳಿ ಪಡೆಯಿರಿ, ತೊಡಿಸುವುದನ್ನು ಅಲ್ಲೇ ಒಮ್ಮೆ ಮಾಡಿ ನೋಡಿ.

ಹೆದ್ದಾರಿಗೆ ಟೋಲ್ ಗೇಟಿಲ್ಲ, ಬದಲಿಗೆ ವಿನ್ಯೇಟಾ ಎಂಬ ವಿದ್ಯುನ್ಮಾನ ಚೀಟಿ. ವಾರಕ್ಕೆ 16 ಯೂರೊ ಆಸುಪಾಸು. ಸ್ಲೊವೇನಿಯಾದಲ್ಲೇ ಬಾಡಿಗೆಗೆ ಪಡೆದ ಕಾರಿಗೆ ಸಾಮಾನ್ಯವಾಗಿ ಇರುತ್ತದೆ. ವೆನಿಸ್‌ನಲ್ಲೋ ವಿಯೆನ್ನಾದಲ್ಲೋ ಪಡೆದ ಕಾರಿಗೆ ಇರುವುದಿಲ್ಲ, ಗಡಿ ದಾಟುವ ಮೊದಲೇ ಕೊಳ್ಳಬೇಕು. ನೋಂದಣಿ ಸಂಖ್ಯೆಯ ಒಂದು ಅಕ್ಷರ ತಪ್ಪಿದರೂ ಚೀಟಿ ಇಲ್ಲದಂತೆಯೇ, ದಂಡ ನೂರಾರು ಯೂರೊ. ಹೆಡ್‌ಲೈಟು ಹಗಲಲ್ಲೂ ಉರಿಯುತ್ತಿರಬೇಕು.

ಪಿರಾನ್‌ನ ಹಳೆಯ ಊರಿನೊಳಗೆ ಹೊರಗಿನವರ ಕಾರಿಗೆ ಪ್ರವೇಶವಿಲ್ಲ, ಊರಾಚೆಯ ಫೊರ್ನಾಚೆ ನಿಲುಗಡೆ ಕಟ್ಟಡದಲ್ಲಿ ಬಿಡಬೇಕು. ಆ ಕಡೆ ಬೀಸುವ ಬೂರ್ಯಾ ಎಂಬ ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಪಾವಾ ಕಣಿವೆಯಲ್ಲಿ ಅದು ಗಂಟೆಗೆ ನೂರು ಕಿಲೋಮೀಟರ್ ಮೀರಿ ಬೀಸಿ, ಲಾರಿಗಳನ್ನು ತಡೆಯಬೇಕಾಗುತ್ತದೆ. ಅಂಥ ದಿನ ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಿರಿ.

## ಹಂತ 7: ಹಗಲನ್ನು ಅಳೆದು ದಿನ ಕಟ್ಟುವುದು

ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಏಳೂ ಮುಕ್ಕಾಲರ ಹತ್ತಿರ, ಮುಳುಗುವುದು ನಾಲ್ಕೂ ಕಾಲರ ಹೊತ್ತಿಗೆ. ಜನವರಿ ಕೊನೆಗೆ ಸಂಜೆ ಐದಾಗುತ್ತದೆ. ದಿನಕ್ಕೆ ಹೊರಗಿನ ಒಂದೇ ದೊಡ್ಡ ಕೆಲಸ ಇಟ್ಟುಕೊಳ್ಳಿ: ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆವರೆಗೆ ಬೆಟ್ಟ ಅಥವಾ ಸರೋವರ, ಆಮೇಲೆ ಛಾವಣಿಯಡಿಯದು.

ಲ್ಯುಬ್ಲ್ಯಾನಾ ಮತ್ತು ತಗ್ಗಿನ ಊರುಗಳಲ್ಲಿ ಮಂಜು ದಿನಗಟ್ಟಲೆ ಕೂತುಬಿಡುತ್ತದೆ. ತಂಪು ಗಾಳಿ ಬಟ್ಟಲಿನಂಥ ತಗ್ಗಿನಲ್ಲಿ ಸಿಕ್ಕಿಕೊಂಡು, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ನಿಲ್ಲುವುದೇ ಇದಕ್ಕೆ ಕಾರಣ. ಕೆಳಗೆ ಬೂದು ಬಣ್ಣ, ಮೇಲೆ ಉಜ್ವಲ ಬಿಸಿಲು. ಕಿಟಕಿಯಿಂದ ನೋಡಿ "ಇವತ್ತು ಬೇಡ" ಅನ್ನುವ ಮೊದಲು ವೋಗೆಲ್ ಅಥವಾ ಕ್ರ್‌ವಾವೆಟ್ಸ್ ಮೇಲಿನ ಕ್ಯಾಮೆರಾ ಚಿತ್ರ ತೆರೆದು ನೋಡಿ. ಅದಕ್ಕೆ ವಿರುದ್ಧವಾಗಿ, ಗಾಳಿ ಜೋರಿದ್ದರೆ ನೀಲಿ ಆಕಾಶವಿದ್ದರೂ ಕೇಬಲ್ ಕಾರು ನಿಲ್ಲುತ್ತದೆ, ಬಸ್ ಹತ್ತುವ ಮೊದಲೇ ನೋಡಿಕೊಳ್ಳಿ. ನಾಲ್ಕು ರಾತ್ರಿಯ ಠಿಕಾಣಿ ಹೂಡಿದ್ದರ ಲಾಭ ಇಲ್ಲಿದೆ: ಬೆಟ್ಟದ ದಿನವನ್ನು ಯಾವಾಗ ಬೇಕಾದರೂ ಅದಲು-ಬದಲು ಮಾಡಬಹುದು.

ಸ್ಕೀ ಮೊದಲ ಸಲ ಕಲಿಯುವವರಿಗೆ ಕ್ರಾನ್ಯ್‌ಸ್ಕಾ ಗೋರಾದ ಕೆಳಗಿನ ಇಳಿಜಾರು ಸೌಮ್ಯ. ಸಾಮಾನು ಬಾಡಿಗೆಗೆ ಸಿಗುತ್ತದೆ. ಕೈಗವಸು, ಕನ್ನಡಕ ನಿಮ್ಮದೇ ಇರಲಿ. ಬಿಸಿನೀರಿನ ಕೊಳಗಳಿಗೆ ಹೋಗುವವರಿಗೊಂದು ಮಾತು: ಈಜುಡುಗೆ ಕಡ್ಡಾಯ, ಬರ್ಮುಡಾ-ಟೀಶರ್ಟ್ ನಡೆಯುವುದಿಲ್ಲ. ಸೌನಾ ಭಾಗದಲ್ಲಿ ಮಾತ್ರ ಬಟ್ಟೆಯನ್ನೇ ತೊಡದೆ ಒಂದು ಟವೆಲಿನಲ್ಲಿ ಕೂರುವುದು ಅಲ್ಲಿಯ ರೂಢಿ, ಗಂಡು-ಹೆಣ್ಣು ಜೊತೆಯಲ್ಲೇ. ಮನೆಮಂದಿಯೆಲ್ಲ ಹೋಗುವವರು ಕೊಳದ ಟಿಕೆಟ್ ಮಾತ್ರ ತೆಗೆದುಕೊಳ್ಳಬಹುದು.

## ಹಂತ 8: ಊಟ, ವಿಶೇಷವಾಗಿ ಸಸ್ಯಾಹಾರಿಗಳಿಗೆ

2020ರಿಂದ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ಪೆಟ್ರೋಲ್ ಬಂಕಿನ ಅಂಗಡಿಯಂಥ ಕೆಲವಷ್ಟೇ ತೆರೆದಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ಮೊಸರು, ಅಕ್ಕಿ, ತರಕಾರಿ ಕೊಂಡಿಡಿ. ಕ್ರಿಸ್ಮಸ್ ಭಾನುವಾರಕ್ಕೆ ಅಂಟಿಕೊಂಡು ಬಂದರೆ ಎರಡು-ಮೂರು ದಿನ ಸೇರಿಯೇ ಬಾಗಿಲು. ಅಡುಗೆಮನೆಯಿರುವ ವಸತಿ ಹಿಡಿಯಿರಿ ಎನ್ನುವುದು ಇದಕ್ಕೇ.

ಹೊರಗೆ ತಿನ್ನುವಾಗ ಷ್ಟ್ರುಕ್ಲಿ ಕೇಳಿ. ಹಿಟ್ಟಿನ ಹಾಳೆಯೊಳಗೆ ಗಿಣ್ಣಿನಂಥ ಹೂರಣ ಸುರುಳಿ ಸುತ್ತಿ ಬೇಯಿಸಿದ್ದು, ಸಿಹಿಯೂ ಖಾರವಿಲ್ಲದ ಉಪ್ಪಿನದೂ ಸಿಗುತ್ತದೆ. ಆಯ್ದೊವಿ ಜ್ಗಾನ್ತ್ಸಿ ಎಂಬುದು ಬಕ್‌ವೀಟ್ ಹಿಟ್ಟನ್ನು ಮುದ್ದೆಯಂತೆ ಬೇಯಿಸಿ ಫೋರ್ಕಿನಿಂದ ಉದುರಿಸಿದ್ದು. ಮುದ್ದೆ ಉಂಡವರ ಬಾಯಿಗೆ ಹಿತ. ಆದರೆ ಮೇಲೆ ಹಂದಿಯ ಕೊಬ್ಬಿನ ಹುರಿದ ಚೂರು ಉದುರಿಸುವುದು ವಾಡಿಕೆ, "ಬ್ರೆಜ್ ಒತ್ಸ್ವಿರ್ಕೊವ್" ಎಂದು ಹೇಳಿ. ಹುಳಿ ಎಲೆಕೋಸು ಮತ್ತು ಬೀನ್ಸ್ ಕಾಳಿನ ಯೋತಾ ಸಾರಿನಲ್ಲಿ ಹೊಗೆ ಹಾಕಿದ ಮಾಂಸ ಇರಬಹುದು, ಅಣಬೆ ಸೂಪಿನ ನೀರು ದನದ ಮೂಳೆಯದಿರಬಹುದು. ಬರೀ "ಸಸ್ಯಾಹಾರಿ" ಎಂದರೆ ಸಾಲದು. "ಬ್ರೆಜ್ ಮೆಸಾ" ಎಂದರೆ ಮಾಂಸ ಬೇಡ, "ಬ್ರೆಜ್ ಯಾಯ್ತ್ಸ್" ಎಂದರೆ ಮೊಟ್ಟೆ ಬೇಡ; ಸಾರಿನ ನೀರು ಯಾವುದರದು ಎಂದು ಬೇರೆಯಾಗಿ ಕೇಳಿ. ಬ್ಲೆಡ್‌ನ ಹೆಸರಾಂತ ಕೆನೆ ಕೇಕು ಕ್ರೆಮ್ಷ್ನಿತಾದಲ್ಲಿ ಮೊಟ್ಟೆ ಇದೆ.

ಊರಿನಿಂದ ಕಟ್ಟಿಕೊಂಡು ಹೋಗುವಾಗ: ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ, ಮಜ್ಜಿಗೆ ಮೆಣಸಿನಕಾಯಿ, ಪನೀರ್ ಇರುವ ಸಿದ್ಧ ಪೊಟ್ಟಣ ಎಲ್ಲವೂ ಅದರಲ್ಲಿ ಬಂತು. ಹಸಿ ಕರಿಬೇವೂ ಬೇಡ. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಒಣ ಉಪ್ಪಿಟ್ಟಿನ ಮಿಶ್ರಣ (ಹಾಲಿನಂಶವಿಲ್ಲದ್ದು) ಸಾಕಷ್ಟಾಯಿತು.

## ಹಂತ 9: ಬಟ್ಟೆ, ಬೂಟು

ಒಂದು ದಪ್ಪ ಜಾಕೆಟ್‌ಗಿಂತ ಮೂರು ಪದರ ಮೇಲು: ಮೈಗಂಟುವ ಉಣ್ಣೆ ಅಥವಾ ಥರ್ಮಲ್, ನಡುವೆ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ಬಸ್ಸು, ಅಂಗಡಿ, ಹೋಟೆಲ್ ಒಳಗೆಲ್ಲ ಬೆಚ್ಚಗಿರುವುದರಿಂದ ದಿನಕ್ಕೆ ಹತ್ತು ಸಲ ತೆಗೆದು ಹಾಕಬೇಕು. ತೆಗೆಯದೆ ಕೂತರೆ ಬೆವರಿ, ಹೊರಗೆ ಬಂದ ಕೂಡಲೇ ನಡುಕ ಶುರು. ಹತ್ತಿ ಬನಿಯನ್ ಮತ್ತು ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ.

ಹಣ ಉಳಿಸಬಾರದ ವಸ್ತು ಬೂಟು. ಕಣಕಾಲು ಮುಚ್ಚುವ, ನೀರು ಹಿಡಿಯದ, ಆಳ ಗೀರಿನ ಅಡಿಯ ಬೂಟು, ದಪ್ಪ ಉಣ್ಣೆಯ ಕಾಲುಚೀಲಕ್ಕೂ ಜಾಗವಿರುವ ಅಳತೆ. ಬೂಟಿನ ಮೇಲೆ ಎಳೆದು ಹಾಕುವ ರಬ್ಬರ್-ಸರಪಳಿಯ ಹಿಡಿತ ಅಲ್ಲಿಯ ಕ್ರೀಡಾಂಗಡಿಗಳಲ್ಲಿ ಸಿಗುತ್ತದೆ, ಬ್ಲೆಡ್‌ನ ಸುತ್ತುದಾರಿಯಲ್ಲೇ ಬೇಕಾಗಬಹುದು. ತುಟಿಗೆ, ಕೈಗೆ ಕೊಬ್ಬರಿ ಎಣ್ಣೆ ಒಯ್ಯಬೇಡಿ, ಚಳಿಗೆ ಬಾಟಲಿಯಲ್ಲೇ ಕಲ್ಲಾಗುತ್ತದೆ, ವ್ಯಾಸಲೀನ್ ಇರಲಿ. ಫೋನನ್ನು ಒಳಜೇಬಿನಲ್ಲಿ ಇಡಿ. ಹೊರಜೇಬಿನಲ್ಲಿ ನಲವತ್ತು ಶೇಕಡಾ ಇದ್ದ ಬ್ಯಾಟರಿಯೂ ತಟ್ಟನೆ ಆರುತ್ತದೆ, ಬಸ್ ಟಿಕೆಟ್ ಅದರಲ್ಲೇ ಇರುತ್ತದೆ.

## ಹಂತ 10: ಹೊರಡುವ ಮೂರು ದಿನ ಮುಂಚೆ

ಅಲ್ಲಿಯ ಸರ್ಕಾರಿ ಹವಾಮಾನ ಸಂಸ್ಥೆ ಆರ್ಸೊದ ಪುಟದಲ್ಲಿ ಮುನ್ಸೂಚನೆ ಮತ್ತು ಹಿಮಕುಸಿತದ ಅಪಾಯದ ಮಟ್ಟ ನೋಡಿ. ಮಟ್ಟ 1ರಿಂದ 5ರವರೆಗೆ. 3 ಮತ್ತು ಅದಕ್ಕಿಂತ ಮೇಲಿದ್ದರೆ ಗುರುತು ಮಾಡಿದ, ತೆರೆದಿರುವ ದಾರಿಯಿಂದ ಒಂದು ಹೆಜ್ಜೆಯೂ ಆಚೆ ಇಡಬೇಡಿ. ಮೂರನ್ನು "ಮಧ್ಯಮ" ಎಂದುಕೊಂಡು ಹೋದವರೇ ಹೆಚ್ಚು ಸಿಕ್ಕಿಬೀಳುವುದು. ರಸ್ತೆಗಳ ಸ್ಥಿತಿಗೆ ಹೆದ್ದಾರಿ ಸಂಸ್ಥೆಯ ಸಂಚಾರ ಪುಟವಿದೆ, ಘಾಟಿಗಳು ಮುಚ್ಚಿದ್ದು ಅಲ್ಲಿ ಮೊದಲು ಬರುತ್ತದೆ.

ಹೆಪ್ಪುಗಟ್ಟಿದ ಸರೋವರದ ಮೇಲೆ ಯಾರೋ ನಡೆಯುತ್ತಿದ್ದಾರೆಂದು ನೀವೂ ಇಳಿಯಬೇಡಿ. ಬ್ಲೆಡ್‌ನಲ್ಲಿ ನೀರು ಒಳಬರುವ, ಹೊರಹೋಗುವ ಕಡೆ ಮಂಜುಗಡ್ಡೆ ತೆಳ್ಳಗಿರುತ್ತದೆ, ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ಬ್ಲೆಡ್, ಲ್ಯುಬ್ಲ್ಯಾನಾಗಳಲ್ಲಿ ಬಿಸಿಲೇರಿದ ಮೇಲೆ ಗೋಡೆಯ ಪಕ್ಕದಲ್ಲಿ ನಡೆಯಬೇಡಿ, ಛಾವಣಿಯ ಹಿಮ ಒಮ್ಮೆಲೇ ಜಾರಿ ಬೀಳುತ್ತದೆ. ಕಾಲುದಾರಿಗೆ ಅಡ್ಡ ಇಟ್ಟ ಕೋಲು ಅದರ ಎಚ್ಚರಿಕೆ. ತುರ್ತಿಗೆ 112, ಪೊಲೀಸರಿಗೆ 113. ಬೆಟ್ಟದಲ್ಲಿ ಸಿಕ್ಕಿಕೊಂಡರೂ ಕರೆಯಬೇಕಾದದ್ದು 112 ಅನ್ನೇ. ಎಲ್ಲಿದ್ದೀರಿ ಎಂದು ಹೇಳಲು ಹತ್ತಿರದ ದಾರಿಫಲಕದ ಹೆಸರನ್ನು ಅಕ್ಷರ ಬಿಡಿಸಿ ಓದಿ, ಉಚ್ಚಾರಕ್ಕೆ ತಡಕಾಡುವುದು ಬೇಡ.